ಸ್ಪಿಕ್ ಅಂಡ್ ಸ್ಪ್ಯಾನ್ ಮತ್ತು ಅಮ್ಮನ ಮೊರ

ಹೋದ ದೀಪಾವಳಿಗೆ ವಿಜಯನಗರದ ನಮ್ಮ ಮನೇನ ‘ಸ್ಪಿಕ್ ಅಂಡ್ ಸ್ಪ್ಯಾನ್’ ಮಾಡಿಬಿಡೋಣ ಅಂತ ಎರಡು ದಿನ ರಜೆ ಹಾಕಿದೆ. ಮೂರು ಮೂಟೆ ಹಳೇ ಸಾಮಾನು ಹೊರಗೆ ಹೋಯ್ತು. ಅದರಲ್ಲಿ ಅಮ್ಮ ಮಂಡ್ಯ ಕಡೆಯ ನಮ್ಮೂರಿಂದ ತಂದಿಟ್ಟಿದ್ದ, ಮೆಂತ್ಯ-ಕಾಗದ ಅರೆದು ಬಳಿದ ಮೊರವೂ ಇತ್ತು. ಹಬ್ಬಕ್ಕೆ ಬಂದವಳು ಸುತ್ತ ನೋಡಿ, “ಮನೆ ಹೊಸ್ದಾಗ್ ಕಾಣ್ತದೆ ಕಣಪ್ಪ. ಅಚ್ಚುಕಟ್ಟಾಗಿಲ್ಲ” ಅಂದಳು.

ಎರಡೂ ಒಂದೇ ಅಲ್ವಾ ಅಂದುಕೊಂಡಿದ್ದೆ. ಹುಡುಕಿ ನೋಡಿದರೆ ಅಮ್ಮ ಹೇಳಿದ್ದೇ ಸರಿ.

ಈ ಇಂಗ್ಲಿಷ್ ಮಾತು ಹುಟ್ಟಿದ್ದು ಶುಚಿತ್ವದಿಂದಲ್ಲ, ಹೊಸತನದಿಂದ. ಹಳೆಯ ನಾರ್ಸ್ ಭಾಷೆಯಲ್ಲಿ ‘ಸ್ಪಾನ್’ ಅಂದರೆ ಮರದ ಚಕ್ಕೆ. ಆಗತಾನೇ ಕೆತ್ತಿದ ಚಕ್ಕೆಯಷ್ಟು ಹೊಸದು ಅನ್ನೋದು ಮೂಲ ಅರ್ಥ. ‘ಸ್ಪಿಕ್’ ಅಂದರೆ ಮೊಳೆ. ಎರಡೂ ಸೇರಿ ನಮ್ಮ ‘ಹೊಚ್ಚ ಹೊಸ’ ಇದ್ದಂತೆ. 1579ರಲ್ಲಿ ಥಾಮಸ್ ನಾರ್ತ್ ಪ್ಲುಟಾರ್ಕ್‌ನನ್ನು ಇಂಗ್ಲಿಷಿಗೆ ತಂದಾಗ ಬಳಸಿದ್ದು ಇದೇ ಅರ್ಥದಲ್ಲಿ. 1665ರಲ್ಲಿ ಸ್ಯಾಮ್ಯುಯೆಲ್ ಪೀಪ್ಸ್ ತನ್ನ ದಿನಚರಿಯಲ್ಲಿ, ಕೊಳಕು ಓಣಿಯಲ್ಲಿ ಹೊಸ ಬಿಳಿ ಶೂ ಹಾಕಿ ನಡೆದ ಹೆಂಗಸಿನ ಬಗ್ಗೆ ಬರೆದಾಗಲೂ ಅಷ್ಟೇ. ‘ನೀಟು’ ಅನ್ನೋ ಅರ್ಥ ಗಟ್ಟಿಯಾಗಿದ್ದು ಆಮೇಲೆ.

ಅಚ್ಚುಕಟ್ಟು ಹಾಗಲ್ಲ. ನಮ್ಮ ಕಡೆ ಈ ಪದ ಮನೆಗಿಂತ ಹೆಚ್ಚಾಗಿ ಕಿವಿಗೆ ಬೀಳೋದು ನೀರಿನ ವಿಚಾರದಲ್ಲಿ. ಒಂದು ಕೆರೆ ಅಥವಾ ಕಾಲುವೆಯ ನೀರು ಉಣ್ಣುವ ಜಮೀನಷ್ಟೂ ಅದರ ಅಚ್ಚುಕಟ್ಟು. ಕೆ.ಆರ್.ಎಸ್. ನಾಲೆಗಳ ಕೆಳಗಿನ ಗದ್ದೆಗಳನ್ನು ಇವತ್ತಿಗೂ ಅಚ್ಚುಕಟ್ಟು ಪ್ರದೇಶ ಅಂತಲೇ ಕರೀತಾರೆ. ಅಲ್ಲಿ ಯಾವ ಗದ್ದೆಗೆ ಯಾವಾಗ ನೀರು, ಎಲ್ಲಿ ತೂಬು ಎತ್ತಬೇಕು, ಎಲ್ಲಿ ಕಟ್ಟಬೇಕು ಅನ್ನೋದೇ ಮುಖ್ಯ. ಹಳೇದನ್ನ ಎಸೆಯೋ ಮಾತೇ ಇಲ್ಲ.

ಇಂಗ್ಲಿಷ್ ಪದದ ಮೇಲೆ ನನಗೆ ಸಿಟ್ಟಿಲ್ಲ. ತಕರಾರು ಇರೋದು, ಗೊತ್ತಿಲ್ಲದೇ ಅದರ ಹಳೇ ಅರ್ಥಕ್ಕೆ ನಾವು ವಾಪಸ್ ಹೋಗಿರೋದಕ್ಕೆ. ಹಬ್ಬದ ವಾರ ನಮ್ಮ ರಸ್ತೆ ಮೂಲೆ ನೋಡಿ: ಹಾಸಿಗೆ, ಸೋಫಾ, ಮಿಕ್ಸಿ, ದೇವರ ಫೋಟೋ. ಅತ್ತ ಮೈಸೂರು ರಸ್ತೆ ಪಕ್ಕ ವೃಷಭಾವತಿ ಕಪ್ಪಗೆ ಹರೀತಿರುತ್ತೆ. ನಾವು ಕಾರಿನ ಗ್ಲಾಸ್ ಏರಿಸಿ ಕೆಂಗೇರಿ ಕಡೆ ಹೋಗ್ತೀವಿ. ಓಣಿ ಕೊಳಕು, ಶೂ ಮಾತ್ರ ಬೆಳ್ಳಗೆ.

ಆಫೀಸಿನಲ್ಲಿ ಯಾರೋ ಬರೆದಿಟ್ಟ ಹಳೇ ಕೋಡಿನ ಒಂದು ಸಾಲು ಅಳಿಸೋ ಮುಂಚೆ, ಇದನ್ನ ಎಲ್ಲೆಲ್ಲಿ ಬಳಸ್ತಿದಾರೆ ಅಂತ ಹತ್ತು ಸಲ ಹುಡುಕ್ತೀನಿ. ಮೊರ ಎಸೆಯುವಾಗ ಅಮ್ಮನಿಗೆ ಒಂದು ಫೋನೂ ಮಾಡಲಿಲ್ಲ.