ಬೆನ್ನಿಗೊಂದು ಮರ, ಹೊಟ್ಟೆಗೊಂದು ಮರ

ಬಿಲ್ಲು ಬಾಗಿದಾಗ ಅದರ ಎರಡು ಮೈಗಳು ಎರಡು ಬಗೆಯ ಕಷ್ಟ ಉಣ್ಣುತ್ತವೆ. ಗುರಿಯತ್ತ ಇರುವ ಬೆನ್ನು ಹಿಗ್ಗುತ್ತದೆ, ಬಿಲ್ಲುಗಾರನತ್ತ ಇರುವ ಹೊಟ್ಟೆ ಕುಗ್ಗುತ್ತದೆ. ಇಂಗ್ಲೆಂಡಿನ ಉದ್ದಬಿಲ್ಲಿಗೆ ಯೂ ಮರ ಅಷ್ಟು ಒಗ್ಗಿದ್ದು ಇದಕ್ಕೇ. ಅದರ ಹೊರಗಿನ ಬಿಳಿ ಮರ ಎಳೆತ ತಾಳುತ್ತದೆ, ಒಳಗಿನ ಚೇಗು ಒತ್ತಡ ತಾಳುತ್ತದೆ. 1545ರಲ್ಲಿ ಮುಳುಗಿದ ‘ಮೇರಿ ರೋಸ್’ ಯುದ್ಧನೌಕೆಯ ಅವಶೇಷಗಳಲ್ಲಿ ನೂರಕ್ಕೂ ಹೆಚ್ಚು ಯೂ ಬಿಲ್ಲುಗಳು ಸಿಕ್ಕಿವೆ. ಗಂಟಿಲ್ಲದ ನೇರ ಯೂ ಈಗ ಅಪರೂಪ. ಹಾಗಾಗಿ ಕೈಯಲ್ಲಿ ಉದ್ದಬಿಲ್ಲು ಮಾಡುವ ಹಲವರು ಬೇರೆ ಬೇರೆ ಮರಗಳ ಪಟ್ಟಿಗಳನ್ನು ಅಂಟಿಸಿ, ಯೂ ಒಂದೇ ಮಾಡುತ್ತಿದ್ದ ಕೆಲಸವನ್ನು ಎರಡು ಮೂರು ಮರಗಳಿಗೆ ಹಂಚುತ್ತಾರೆ.

ತಪ್ಪು ನುಸುಳುವುದು ಈ ಹಂಚಿಕೆಯಲ್ಲೇ.

ಬೆನ್ನು ಮುರಿದೀತೆಂಬ ಅಂಜಿಕೆಯಿಂದ ಬಹಳ ಜನ ಬಿದಿರಿಗೆ ಕೈ ಹಾಕುತ್ತಾರೆ. ಬಿದಿರಿನ ನಾರು ಹೊರಮೈಯ ಬಳಿ ಅತ್ಯಂತ ದಟ್ಟ; ಆ ಮೈಯನ್ನು ಕೀಸದೆ ಬಿಟ್ಟರೆ ಎಳೆತಕ್ಕೆ ಅದು ಸುಲಭವಾಗಿ ಸೋಲದು. ಆದರೆ ಅದರ ಜತೆಗೆ ಚೆರಿಯಂಥ ಮೆತುಮರ ಕೂಡಿಸಿದರೆ ಬೆನ್ನು ಹಿಗ್ಗಲು ಒಪ್ಪದೆ ಹೊರೆಯೆಲ್ಲ ಹೊಟ್ಟೆಯ ಮೇಲೆ ಬೀಳುತ್ತದೆ. ಅಲ್ಲಿನ ನಾರು ನಲುಗಿ ಕೂದಲೆಳೆಯಂಥ ಅಡ್ಡಗೆರೆಗಳು ಮೂಡುತ್ತವೆ. ಹೆದೆ ಇಳಿಸಿದ ಮೇಲೂ ಬಿಲ್ಲು ಬಾಗಿಯೇ ಉಳಿಯುತ್ತದೆ, ಬಾಣದ ವೇಗ ಕುಂದುತ್ತದೆ. ಬೆನ್ನಿನ ಬಲವನ್ನೇ ಹೊಗಳುವವರು ಈ ಹೊಟ್ಟೆಯನ್ನೊಮ್ಮೆ ನೋಡಬೇಕು.

ಬಿದಿರಿಗೆ ಸರಿಜೋಡಿ ದಕ್ಷಿಣ ಅಮೆರಿಕದ ಇಪೇ. ನೀರಿನಲ್ಲಿ ಮುಳುಗುವಷ್ಟು ದಟ್ಟವಾದ ಈ ಮರ ಒತ್ತಡಕ್ಕೆ ಜಗ್ಗುವುದಿಲ್ಲ. ಬಿದಿರಿನ ಪಟ್ಟಿಯನ್ನು ಹೊಟ್ಟೆಗಿಂತ ಕೊಂಚ ಕಿರಿದಾಗಿಸಿದರೆ ಜೋಡಿ ಇನ್ನೂ ಹದವಾಗುತ್ತದೆ. ಇಪೇಯಲ್ಲಿ ಎಣ್ಣೆಯಂಶವಿರುವುದರಿಂದ ಅಂಟು ಹಚ್ಚುವ ಮೊದಲು ಅದನ್ನು ಅಸಿಟೋನ್‌ನಿಂದ ಒರೆಸುವುದು ಒಳ್ಳೆಯದು. ಇಪೇಗಿರುವ ದೊಡ್ಡ ಆಕ್ಷೇಪ ಬೇರೆ. ಅದಕ್ಕಾಗಿ ಅಮೆಜಾನ್ ಕಾಡು ಕಡಿಯಲಾಗುತ್ತಿದೆ. 2024ರ ನವೆಂಬರ್‌ನಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರ ಕಾಡಿನ ಪ್ರಾಣಿ, ಸಸ್ಯಗಳ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧಕ್ಕೆ ಒಳಪಟ್ಟಿದೆ. ಹಲಗೆ ಎಲ್ಲಿಂದ ಬಂತೆಂದು ಕೇಳದೆ ಕೊಳ್ಳುವುದನ್ನು ಜಾಣ ಆಯ್ಕೆ ಎನ್ನಲಾಗದು.

ಮೂರು ಪದರದ ಬಿಲ್ಲಿನಲ್ಲಿ ನಡುವಿನ ಪಟ್ಟಿಗೆ ಸಿಗುವ ಮರ್ಯಾದೆ ಅದರ ಕೆಲಸಕ್ಕಿಂತ ದೊಡ್ಡದು. ಕೊಯ್ದಾಗ ಕಂದಾಗಿದ್ದು ಬೆಳಕು ಬಿದ್ದಂತೆ ನೇರಳೆಯಾಗುವ ಪರ್ಪಲ್‌ಹಾರ್ಟ್ ಕಣ್ಣಿಗೆ ಹಬ್ಬ, ನಿಜ. ಆದರೆ ಒಂದೇ ಮರದ, ಒಂದೇ ಅಗಲದ ಪಟ್ಟಿಯ ದಪ್ಪವನ್ನು ಮೂರು ಸಮಭಾಗ ಮಾಡಿ ಲೆಕ್ಕ ಹಾಕಿದರೆ, ಬಾಗುವುದನ್ನು ತಡೆಯುವುದರಲ್ಲಿ ನಡುಭಾಗದ ಪಾಲು 27ರಲ್ಲಿ 1 ಮಾತ್ರ. ಅಲ್ಲಿ ಬೇಕಾದದ್ದು ಅಂಟನ್ನು ಬಿಗಿಹಿಡಿದು ಪದರಗಳು ಜಾರದಂತೆ ಕಾಯುವ ಮರ. ಭಾರ ಕಡಿಮೆಯಾದಷ್ಟೂ ಬಿಲ್ಲಿನ ತುದಿಗಳು ಚುರುಕಾಗುತ್ತವೆ. ಪರ್ಪಲ್‌ಹಾರ್ಟ್‌ಗಿಂತ ಹಗುರವಾದ ಮೇಪಲ್ ಈ ಕೆಲಸಕ್ಕೆ ಸಾಕು.

ಹಿಕರಿ ಬೆನ್ನು, ಲೆಮನ್‌ವುಡ್ ಹೊಟ್ಟೆ ಎಂಬುದು ಹಳೆಯ ಜೋಡಿ. ಕ್ಯೂಬಾದಿಂದ ಬರುತ್ತಿದ್ದ ಲೆಮನ್‌ವುಡ್‌ಗೂ ನಿಂಬೆಗೂ ನಂಟಿಲ್ಲ. ಅದರ ನಾರು ಸಮ, ಕೀಸಲು ಹದ. ಹೊಸಬರ ಕೈತಪ್ಪನ್ನು ತಾಳಿಕೊಳ್ಳುತ್ತದೆ. ಹಿಕರಿಯ ಶತ್ರು ತೇವ. ಗಾಳಿಯ ತೇವ ಹೀರಿದರೆ ಅದು ಜಡವಾಗುತ್ತದೆ.

ಒತ್ತಡ ತಾಳುವುದರಲ್ಲಿ ಇಪೇಗೆ ಎದುರು ನಿಲ್ಲುವುದು ಓಸೇಜ್ ಆರೆಂಜ್. ಟೆಕ್ಸಾಸ್, ಒಕ್ಲಹೋಮ, ಅರ್ಕಾನ್ಸಾಸ್ ಸೀಮೆಯ ಈ ಮರಕ್ಕೆ ಫ್ರೆಂಚರು ಬಿಲ್ಲಿನ ಮರ ಎಂದೇ ಹೆಸರಿಟ್ಟರು. ಅದು ನಮ್ಮ ಹಲಸಿನ ಸಸ್ಯಕುಟುಂಬದ್ದು. ಹಲಸಿನ ಹಲಗೆ ಕೊಯ್ದವರಿಗೆ ಓಸೇಜ್‌ನ ಹಳದಿ ಚೇಗು ಅಪರಿಚಿತವೆನಿಸದು, ಗಡಸುತನ ಮಾತ್ರ ಬೆರಗು ಹುಟ್ಟಿಸೀತು.

ಇಷ್ಟೆಲ್ಲ ದುಬಾರಿ ಹಲಗೆಗಳ ನಡುವೆ ಅತ್ಯಂತ ವಿವೇಕದ ಆಯ್ಕೆ ಯಾವುದೆಂದರೆ, ಉತ್ತರ ಯುರೋಪಿನ ಸಾಮಿ ಜನರ ಹಳೆಯ ಬಿಲ್ಲನ್ನೇ ತೋರಿಸಬೇಕು. ಪೈನ್ ಸಾಮಾನ್ಯವಾಗಿ ಮೆತುಮರ. ಆದರೆ ವಾಲಿ ಬೆಳೆದ ಪೈನ್‌ನ ಕೆಳಮೈ ವರ್ಷಗಟ್ಟಲೆ ತನ್ನ ಮೇಲಿನ ಭಾರ ಹೊತ್ತು ದಟ್ಟವಾಗಿ, ಗಡುಸಾಗಿ ಬೆಳೆದಿರುತ್ತದೆ. ಅವರು ಹುಡುಕಿ ಕಡಿಯುತ್ತಿದ್ದುದು ಅದನ್ನೇ, ಹೊಟ್ಟೆಗೆಂದು. ಬೆನ್ನಿಗೆ ಅದೇ ಕಾಡಿನ ಬರ್ಚ್ ಮರ, ನಡುವೆ ಮೀನಿನ ಚರ್ಮದಿಂದ ಕಾಯಿಸಿದ ಅಂಟು. ಆ ಅಂಟಿಗೆ ನೀರು ತಾಗಬಾರದೆಂದು ಬಿಲ್ಲಿನ ಉದ್ದಕ್ಕೂ ಬರ್ಚ್ ತೊಗಟೆ ಸುತ್ತುತ್ತಿದ್ದರು.