ವಸಂತದ ಮನೆ, ಬರೆಯುವ ಬಿಡುವು

ಸಂಘದ ಯುಗಾದಿ ಕವಿಗೋಷ್ಠಿಗೆ ಬರುವ ಕವನಗಳನ್ನು ಓದಿ ಆರಿಸುವ ಕೆಲಸ ಕೆಲವು ವರ್ಷಗಳಿಂದ ನಮ್ಮ ಪಾಲಿಗೆ ಬಂದಿದೆ. ಕವನದೊಡನೆ ಬರುವ ಚೀಟಿಯಲ್ಲಿ ಒಂದು ಮಾತು ತಪ್ಪುವುದಿಲ್ಲ: ‘ಬಿಡುವಿಲ್ಲದೆ ಅವಸರದಲ್ಲಿ ಬರೆದಿದ್ದೇನೆ, ಕ್ಷಮಿಸಿ.’ ಕವನದೊಳಗೆ ತಪ್ಪದೆ ಬರುವವು ಕೋಗಿಲೆ, ಮಾವಿನ ಚಿಗುರು, ಬೇವು ಬೆಲ್ಲ.

ಕಾಸರಗೋಡು ಸೀಮೆಯ ನಮ್ಮ ಬಹಳಷ್ಟು ಮನೆಗಳಲ್ಲಿ ಹೊಸ ವರ್ಷವೆಂದರೆ ಸೌರಮಾನದ ಬಿಸು. ಬೆಳಗಿನ ಜಾವ ಕಣಿ ಕಾಣುವುದು, ಹಿರಿಯರ ಕಾಲಿಗೆರಗುವುದು ನಮ್ಮ ರೂಢಿ. ಆದರೆ ಬಂದ ಕವನಗಳಲ್ಲಿ ಕಣಿಗಿಟ್ಟ ಸೌತೆಯಿಲ್ಲ, ಕಕ್ಕೆಯ ಹಳದಿ ಹೂವಿಲ್ಲ, ಗುಡ್ಡದಿಂದ ಬರುವ ಗೇರುಹಣ್ಣಿನ ಪರಿಮಳವಿಲ್ಲ. ಕವಿಗಳು ತಮ್ಮ ಅಂಗಳವನ್ನು ಬಿಟ್ಟು ಪಠ್ಯಪುಸ್ತಕದ ವಸಂತವನ್ನು ಬರೆಯುತ್ತಿದ್ದಾರೆ. ಇದಕ್ಕೆ ಬಿಡುವಿನ ಕೊರತೆ ಕಾರಣವೆಂದು ನಮಗೆ ತೋರುವುದಿಲ್ಲ. ಆ ಪಠ್ಯಪುಸ್ತಕವನ್ನು ವರ್ಷಗಟ್ಟಲೆ ಬಾಯಿಪಾಠ ಮಾಡಿಸಿದವರು ನಾವೇ ಆದ್ದರಿಂದ ದೋಷದಲ್ಲಿ ನಮಗೂ ಪಾಲಿದೆ.

ಮಂಜೇಶ್ವರದ ಗೋವಿಂದ ಪೈಯವರ (1883–1963) ಎರಡು ಖಂಡಕಾವ್ಯಗಳನ್ನು ಇಲ್ಲಿ ನೆನೆಯಬೇಕು. ‘ಗೊಲ್ಗೊಥಾ’ ಯೇಸುವಿನ ಕೊನೆಯ ದಿನದ ಕಥನ. ‘ವೈಶಾಖಿ’ ಬುದ್ಧನ ಕೊನೆಯ ದಿನದ್ದು. ಸಂಪ್ರದಾಯದಂತೆ ಎರಡೂ ವಸಂತದ ದಿನಗಳೇ. ಹಲವು ಭಾಷೆಗಳನ್ನು ಬಲ್ಲ ಆ ವಿದ್ವಾಂಸರಿಗೆ ಇಡೀ ಜೀವನಚರಿತ್ರೆಯನ್ನು ಹಾಡುವ ಸಾಮಗ್ರಿಯಿತ್ತು. ಅವರು ಒಂದು ದಿನವನ್ನು ಹಿಡಿದರು. ಏಕಾಗ್ರತೆ ಮೊದಲು ವಸ್ತುವಿನ ಆಯ್ಕೆಯಲ್ಲೇ ತೋರುತ್ತದೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ನಮಗೆ ಬೇಡ.

ಪೈಯವರಿಗೆ ಪುಸ್ತಕಗಳ ನಡುವೆ ಬದುಕುವ ಅನುಕೂಲವಿತ್ತು, ನಮಗೆಲ್ಲಿ ಎನ್ನುವವರಿಗೆ ಕಯ್ಯಾರ ಕಿಞ್ಞಣ್ಣ ರೈಯವರಿದ್ದಾರೆ (1915–2015). ಅಧ್ಯಾಪಕರು, ಕೃಷಿಕರು, ಗಡಿನಾಡಿನ ಕನ್ನಡಕ್ಕಾಗಿ ಹೋರಾಡಿದವರು; ಆತ್ಮಕಥೆಗೆ ‘ದುಡಿತವೇ ನನ್ನ ದೇವರು’ ಎಂದೇ ಹೆಸರಿಟ್ಟವರು. ಈ ಉದಾಹರಣೆಯನ್ನು ವೇದಿಕೆಗಳಲ್ಲಿ ನಾವು ಎಷ್ಟೋ ಬಾರಿ ಹೇಳಿದ್ದೇವೆ. ಹೇಳಿ ಮನೆಗೆ ಬಂದ ಮೇಲೆ ಒಂದು ಸಂಕೋಚ ಉಳಿಯುತ್ತದೆ. ತೋಟದಿಂದಲೋ ಶಾಲೆಯಿಂದಲೋ ಬಂದ ಗಂಡಸಿಗೆ ಚಾವಡಿಯಲ್ಲಿ ಕುರ್ಚಿ ಕಾದಿರುತ್ತದೆ. ಒಳಗಿನವರಿಗೆ ಚೈತ್ರ, ವೈಶಾಖಗಳೆಂದರೆ ಮಿಡಿ ಉಪ್ಪಿಗೆ ಹಾಕುವುದು, ಸಂಡಿಗೆ, ಹಲಸಿನ ಹಪ್ಪಳ, ರಜೆಗೆ ಬಂದ ಮೊಮ್ಮಕ್ಕಳು.

ಕಳೆದ ವರ್ಷ ಕ್ಯಾಲೆಂಡರಿನ ಹರಿದ ಹಾಳೆಯ ಬೆನ್ನಿನಲ್ಲಿ ಬರೆದ ಕವನವೊಂದು ಬಂತು. ಕ್ಷಮೆಯ ಚೀಟಿ ಇರಲಿಲ್ಲ. ಚಾಪೆಯ ಮೇಲೆ ಒಣಗುವ ಹಪ್ಪಳಗಳನ್ನು ತಾಯಿ ಎಣಿಸುತ್ತಾಳೆ. ಮದುವೆಯಾಗಿ ದೂರ ಹೋದ ಮಗಳ ಪಾಲನ್ನೂ ಸೇರಿಸಿ ಎಣಿಸಿ, ಈ ಬಾರಿ ಅವಳು ಬರುವುದಿಲ್ಲವೆಂದು ನೆನಪಾಗಿ ಮತ್ತೆ ಮೊದಲಿನಿಂದ ಎಣಿಸುತ್ತಾಳೆ. ಅಷ್ಟೇ ವಸ್ತು. ಕೋಗಿಲೆಯ ಬದಲು ಕಾಗೆ ಇದೆ. ಕೊನೆಯ ಎರಡು ಸಾಲು ಮಾತ್ರ ತಾಯ್ತನದ ಮಹಿಮೆಯನ್ನು ಸಾರಲು ಹೋಗಿ ಸಡಿಲವಾಗಿವೆ. ಆ ಎಣಿಕೆಯಲ್ಲಿ ಎಲ್ಲವೂ ಬಂದಿರುವಾಗ ಅವು ಬೇಕಿರಲಿಲ್ಲ.

ಬರೆದವರು ನಮಗೆ ಪರಿಚಿತರೇ. ಯಾವಾಗ ಬರೆದಿರಿ ಎಂದು ಕೇಳಿದೆವು. ಹಪ್ಪಳಕ್ಕೆ ಕಾಗೆ ಬರದಂತೆ ಕಾಯಲು ಕೂತಾಗ ಎಂದರು; ಕೈಗೆ ಬಿಡುವು ಸಿಗುವ ಕೆಲಸ ಅದೊಂದೇ ಅಂತೆ. ಕೊನೆಯ ಎರಡು ಸಾಲು ತಿದ್ದಬಹುದಿತ್ತಲ್ಲ ಎಂದುದಕ್ಕೆ, ‘ಅಷ್ಟು ಹೊತ್ತಿಗೆ ಬಿಸಿಲು ಇಳಿಯಿತು ಮಾಷ್ಟ್ರೇ’ ಎಂದು ನಕ್ಕರು.

ನಮಗಾದರೋ ಪ್ರತಿವರ್ಷವೂ ಎಪ್ರಿಲ್, ಮೇ ಎರಡು ತಿಂಗಳ ರಜೆಯಿತ್ತು, ಕಿಟಕಿಯ ಬಳಿ ಮೇಜಿತ್ತು. ಅದೇ ಅಂಗಳದಲ್ಲಿ ಹಪ್ಪಳ ಒಣಗುತ್ತಿದ್ದುದನ್ನು ಕಂಡ ನೆನಪಿದೆ, ನೋಡಿದ ನೆನಪಿಲ್ಲ.

ಮುಂದಿನ ಗೋಷ್ಠಿಗೆ ಕವನ ಕಳುಹಿಸುವ ಕೊನೆಯ ದಿನವನ್ನು ಬಿಸುವಿನ ವಾರದಿಂದ ಜೂನ್ ಕೊನೆಗೆ ಸರಿಸಬೇಕೆಂದು ಸಂಘದ ಸಮಿತಿಗೆ ಬರೆದು ಕೊಟ್ಟಿದ್ದೇವೆ. ಅಷ್ಟರಲ್ಲಿ ಮಳೆ ಹಿಡಿದು ಹಪ್ಪಳ ಡಬ್ಬಿ ಸೇರಿರುತ್ತದೆ. ಯುಗಾದಿಯ ಗೋಷ್ಠಿ ಆಟಿ ತಿಂಗಳಿಗೆ ಹೋದರೆ ಜನ ನಗುತ್ತಾರೆಂದು ಸಮಿತಿಯಲ್ಲಿ ಒಬ್ಬರು ಆಕ್ಷೇಪಿಸಿದ್ದಾರೆ. ತೀರ್ಮಾನ ಇನ್ನೂ ಆಗಿಲ್ಲ.