ನರ್ಸಿನ ಕೆಲಸಕ್ಕೆ ಹಿಡಿದ ತಪ್ಪು ಅಳತೆಗೋಲು

ವಯಸ್ಸಾಗಿ ನಿಶ್ಶಕ್ತರಾದ, ಪದೇಪದೇ ಆಸ್ಪತ್ರೆ ಸೇರುವ ಹಿರಿಯರನ್ನು ನುರಿತ ನರ್ಸ್ ಒಬ್ಬರಿಗೆ ವಹಿಸಿಕೊಡುವ ‘ಎವರ್‌ಕೇರ್’ ಪ್ರಯೋಗ ಇಂಗ್ಲೆಂಡಿನಲ್ಲಿ 2003ರಲ್ಲಿ ಶುರುವಾಯಿತು. ಮನೆಗೇ ಹೋಗಿ ನೋಡುವುದು, ವೈದ್ಯರು, ಔಷಧ ಅಂಗಡಿ, ಮನೆಯವರು ಎಲ್ಲರ ನಡುವೆ ಹೊಂದಾಣಿಕೆ ತರುವುದು ಆ ನರ್ಸಿನ ಹೊಣೆ. ಇದರಿಂದ ತುರ್ತು ದಾಖಲಾತಿ ಇಳಿಯುತ್ತದೆಂದು ಸರ್ಕಾರ ಎಷ್ಟು ನಂಬಿತೆಂದರೆ, ಮೌಲ್ಯಮಾಪನ ಮುಗಿಯುವ ಮೊದಲೇ, 2004ರಲ್ಲಿ, ಇಂಥ 3,000 ‘ಕಮ್ಯುನಿಟಿ ಮೇಟ್ರನ್’ಗಳನ್ನು ನೇಮಿಸುವುದಾಗಿ ಸಾರಿತು. 2007ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಬಂದ ಅಧ್ಯಯನದ ಪ್ರಕಾರ ದಾಖಲಾತಿಯೂ ಇಳಿದಿರಲಿಲ್ಲ, ಸಾವೂ ಕಡಿಮೆಯಾಗಿರಲಿಲ್ಲ. ಇಷ್ಟನ್ನೇ ಓದಿದವರಿಗೆ ಪದ್ಧತಿಯೇ ಸೋತಿತು ಅನ್ನಿಸೀತು. ನನಗೆ ಕಾಣುವಂತೆ, ಸೋತದ್ದು ಅದರ ಹೆಸರಿನಲ್ಲಿ ಕೊಟ್ಟ ಮಾತು.

ಆ ಮಾತು ಲೆಕ್ಕದಲ್ಲೇ ಹುಸಿಯಾಗಿತ್ತು. ವರ್ಷಕ್ಕೆ ಎರಡು ಅಥವಾ ಹೆಚ್ಚು ಸಲ ತುರ್ತಾಗಿ ದಾಖಲಾದ ಹಿರಿಯರನ್ನು ಹಿಂಬಾಲಿಸಿದ 2005ರ ಅಧ್ಯಯನವೊಂದು, ತುರ್ತು ದಾಖಲಾತಿಗಳಲ್ಲಿ ಅವರ ಪಾಲು ಆ ವರ್ಷ ಶೇ. 38 ಇದ್ದದ್ದು ಮರುವರ್ಷ ಶೇ. 10ಕ್ಕಿಂತ ಕೆಳಗಿಳಿದದ್ದನ್ನು ತೋರಿಸಿತ್ತು. ನರ್ಸ್ ಹೋಗಲಿ ಬಿಡಲಿ, ಆ ಸಂಖ್ಯೆ ಇಳಿಯುವಂಥದ್ದೇ. ಇನ್ನು, ಮನೆಯೊಳಗೆ ಕಾಲಿಟ್ಟ ನರ್ಸಿನ ಕಣ್ಣಿಗೆ ಬೀಳುವುದಾದರೂ ಏನು? ಇಬ್ಬರು ವೈದ್ಯರು ಬೇರೆಬೇರೆ ಹೆಸರಿನಲ್ಲಿ ಬರೆದುಕೊಟ್ಟ ಒಂದೇ ಮಾತ್ರೆ, ಕುರ್ಚಿಯಿಂದ ಎದ್ದೊಡನೆ ಕುಸಿಯುವ ರಕ್ತದೊತ್ತಡ, ಯಾರಿಗೂ ಹೇಳದೆ ಮುಚ್ಚಿಟ್ಟ ಕಾಲಿನ ಹುಣ್ಣು. ಹೀಗೆ ಬಯಲಾದ ಕಾಯಿಲೆಗೆ ಚಿಕಿತ್ಸೆ ಬೇಕು, ಕೆಲವಕ್ಕೆ ಆಸ್ಪತ್ರೆಯೇ ಬೇಕು. ದಾಖಲಾತಿ ಇಳಿಯದಿರಲು ಇದೂ ಕಾರಣವಿರಬಹುದೆಂದು 2007ರ ಅಧ್ಯಯನ ಮಾಡಿದವರೇ ಊಹಿಸಿದ್ದಾರೆ. ಒಳ್ಳೆಯ ಶುಶ್ರೂಷೆಯ ಫಲವನ್ನೇ ಅದರ ವೈಫಲ್ಯವೆಂದು ಬರೆದಿಡುವ ಅಳತೆಗೋಲು ಇದು.

ರೋಗಿಗಳೂ ಮನೆಯವರೂ ಈ ಸೇವೆಯನ್ನು ಮೆಚ್ಚಿದ್ದರು. ಬರೀ ಮೆಚ್ಚುಗೆಗೆ ಜನರ ತೆರಿಗೆ ಹಣ ಸುರಿಯಬೇಕೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಉಳಿತಾಯವೇ ಮುಖ್ಯವೆನ್ನುವವರು ಅಮೆರಿಕದ ನರ್ಸಿಂಗ್ ಸಂಶೋಧಕಿ ಮೇರಿ ನೇಲರ್ ಅವರ ತಂಡ ಫಿಲಡೆಲ್ಫಿಯಾದಲ್ಲಿ ನಡೆಸಿ 1999ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನೋಡಬೇಕು. ಅಲ್ಲಿ ನರ್ಸ್ ಹಿರಿಯರನ್ನು ಆಸ್ಪತ್ರೆಯಲ್ಲೇ ಪರಿಚಯ ಮಾಡಿಕೊಂಡು, ಬಿಡುಗಡೆಯಾದ ಮೇಲೆ ನಾಲ್ಕು ವಾರ ಮನೆಯಲ್ಲಿ ನೋಡಿಕೊಂಡರು. 24 ವಾರಗಳೊಳಗೆ ಮತ್ತೆ ದಾಖಲಾದವರು ಮಾಮೂಲಿ ಆರೈಕೆಯಲ್ಲಿ ಶೇ. 37, ಇಲ್ಲಿ ಶೇ. 20. ಅದು ಬಿಡುಗಡೆಯ ಆ ಅಪಾಯದ ಘಟ್ಟಕ್ಕೆ ಕಟ್ಟಿದ, ಅವಧಿ ಗೊತ್ತಿದ್ದ ಕೆಲಸ. ವರ್ಷಗಟ್ಟಲೆ ನಡೆಯುವ ಮನೆ ಆರೈಕೆಯಿಂದ ಅದೇ ಲಾಭ ಕೇಳುವುದು ತಪ್ಪು. ಅದಕ್ಕೆ ನೋವು, ಬೀಳುವಿಕೆ, ಔಷಧದ ಗೊಂದಲ, ನೋಡಿಕೊಳ್ಳುವವರ ದಣಿವು ಎಷ್ಟು ತಗ್ಗಿತೆಂಬುದೇ ಪರೀಕ್ಷೆಯಾಗಲಿ. ಇದಕ್ಕೆ ಖರ್ಚಾಗುತ್ತದೆ, ಆ ಖರ್ಚು ಮಾಡಲೇಬೇಕಾದದ್ದು ಎಂದು ಸರ್ಕಾರಗಳು ನೇರವಾಗಿ ಹೇಳಲಿ.